ಕಾರಿನ ಚಾವಣಿಯಲ್ಲೊಬ್ಬ ಲೆಕ್ಕಿಗ

ದೂರದ ಪ್ರಯಾಣಕ್ಕೆ ಹೊರಟ ಚಾಲಕನನ್ನು ಕಾಡುವ ಪ್ರಶ್ನೆಗಳು ಕೆಲವೇ. ಎಷ್ಟು ದೂರ ಬಂದೆವು? ತೊಟ್ಟಿಯಲ್ಲಿ ಉಳಿದಿರುವ ಪೆಟ್ರೋಲು ಇನ್ನೆಷ್ಟು ದೂರಕ್ಕೆ ಸಾಕು? ಹೊರಗೆ ಚಳಿ ಎಷ್ಟಿದೆ? ವಾಹನ ಯಾವ ದಿಕ್ಕಿಗೆ ಮುಖಮಾಡಿದೆ? ಮೈಲಿಗಲ್ಲು, ಸೂರ್ಯ ಮತ್ತು ಚಾಲಕನ ಅನುಭವ, ಇವೇ ಹಿಂದಿನ ಕಾಲದಲ್ಲಿ ಈ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿದ್ದುವು.

೧೯೯೦ರ ದಶಕದಲ್ಲಿ ಅಮೆರಿಕದ ರಸ್ತೆಗಳಲ್ಲಿ ಓಡುತ್ತಿದ್ದ ಜೀಪ್ ಗ್ರ್ಯಾಂಡ್ ಚೆರೋಕೀಯಂತಹ ವಾಹನಗಳನ್ನು ಹೊಕ್ಕು ನೋಡಿದ್ದರೆ ಈ ಕೆಲಸಕ್ಕೆಂದೇ ನೇಮಕಗೊಂಡ ಒಬ್ಬ ಲೆಕ್ಕಿಗನನ್ನು ನಾವು ಕಾಣಬಹುದಾಗಿತ್ತು. ಮುಂದಿನ ಎರಡು ಆಸನಗಳ ನಡುವೆ, ಚಾವಣಿಗೆ ಅಂಟಿಕೊಂಡಂತೆ ಒಂದು ನೀಳವಾದ ಪೆಟ್ಟಿಗೆ. ಅದರ ಹೆಸರು ಓವರ್‌ಹೆಡ್ ಕನ್ಸೋಲ್. ಓದುವ ದೀಪಗಳು, ಕನ್ನಡಕವಿಡುವ ಗೂಡು, ಇವುಗಳ ಜೊತೆಗೆ ಒಂದು ಪುಟ್ಟ ಕಿಟಕಿ. ಆ ಕಿಟಕಿಯಲ್ಲಿ ನೀಲಿಹಸುರು ಬಣ್ಣದ ಅಕ್ಷರಗಳು ಹೊಳೆಯುತ್ತಿದ್ದುವು. ಗುಂಡಿಯನ್ನು ಒಂದೊಂದು ಸಲ ಒತ್ತಿದಾಗಲೂ ದಿಕ್ಕು, ಹೊರಗಿನ ಉಷ್ಣತೆ, ಪ್ರಯಾಣದ ದೂರ, ಕಾಲ, ಇಂಧನದ ಸರಾಸರಿ, ಮುಂದೆ ಹೋಗಬಹುದಾದ ದೂರ, ಹೀಗೆ ಒಂದಾದ ಮೇಲೊಂದು ಅಂಕಿ ಮೂಡುತ್ತಿತ್ತು. ಈ ಲೆಕ್ಕಗಳನ್ನು ಮಾಡುವ ಭಾಗವನ್ನು ಟ್ರಿಪ್ ಕಂಪ್ಯೂಟರ್ ಎನ್ನುತ್ತಾರೆ. ಇಂದಿನ ಕಾರುಗಳಲ್ಲಿ ಅದು ಚಾವಣಿಯಿಂದ ಇಳಿದು, ಚಾಲಕನ ಮುಂದಿರುವ ವೇಗಮಾಪಕದ ಪಕ್ಕಕ್ಕೆ ಬಂದು ಕುಳಿತಿದೆ. ಆದರೆ ಅದು ಕೆಲಸಮಾಡುವ ಕ್ರಮ ಬಹುಮಟ್ಟಿಗೆ ಹಿಂದಿನದೇ.

ಈ ಲೆಕ್ಕಿಗನಿಗೆ ರಸ್ತೆ ಕಾಣುವುದಿಲ್ಲ, ಬೆಟ್ಟ ಕಾಣುವುದಿಲ್ಲ, ಮುಂದಿನ ಊರೂ ತಿಳಿಯದು. ಎಣಿಸುವುದು, ಕೂಡುವುದು, ಭಾಗಿಸುವುದು, ಇಷ್ಟೇ ಅವನಿಗೆ ಗೊತ್ತಿರುವ ವಿದ್ಯೆ. ಹಾಗಿರುವಾಗ ಅವನ ಮಾತನ್ನು ನಾವು ಎಷ್ಟರಮಟ್ಟಿಗೆ ನಂಬಬಹುದು? ಒಂದೊಂದು ಅಂಕಿಯೂ ಹೇಗೆ ಹುಟ್ಟುತ್ತದೆಂಬುದನ್ನು ತಿಳಿದರೆ ಇದಕ್ಕೆ ಉತ್ತರ ತಾನಾಗಿಯೇ ದೊರೆಯುತ್ತದೆ.

ಬೆಣಚುಕಲ್ಲಿನಿಂದ ವಿದ್ಯುತ್ ಸ್ಪಂದದವರೆಗೆ

ಚಕ್ರದ ಸುತ್ತುಗಳನ್ನು ಎಣಿಸಿ ದೂರವನ್ನು ಅಳೆಯುವ ಉಪಾಯ ಹೊಸದೇನೂ ಅಲ್ಲ. ಕ್ರಿಸ್ತಪೂರ್ವ ಮೊದಲನೆಯ ಶತಮಾನದಲ್ಲಿದ್ದ ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸ್ ಇಂತಹ ಒಂದು ಗಾಡಿಯನ್ನು ವರ್ಣಿಸಿದ್ದಾನೆ. ಅದರ ಚಕ್ರ ಒಂದು ಸುತ್ತು ತಿರುಗಿದರೆ ಹನ್ನೆರಡೂವರೆ ಅಡಿ. ೪೦೦ ಸುತ್ತಿಗೆ ೫,೦೦೦ ಅಡಿ, ಅಂದರೆ ಒಂದು ರೋಮನ್ ಮೈಲಿ. ೪೦೦ ಸುತ್ತು ಮುಗಿದೊಡನೆ ಹಲ್ಲುಚಕ್ರಗಳ ಏರ್ಪಾಡಿನಿಂದ ಒಂದು ಕಲ್ಲು ಜಾರಿ, ಕೆಳಗಿನ ಕಂಚಿನ ಪಾತ್ರೆಯೊಳಕ್ಕೆ ಠಣ್ಣೆಂದು ಬೀಳುತ್ತಿತ್ತು. ಸಂಜೆ ಕಲ್ಲುಗಳನ್ನು ಎಣಿಸಿದರೆ ಆ ದಿನದ ಪ್ರಯಾಣ ಎಷ್ಟು ಮೈಲಿಯೆಂದು ತಿಳಿಯುತ್ತಿತ್ತು.

ಎರಡು ಸಾವಿರ ವರ್ಷಗಳ ಮೇಲೆ, ೧೯೭೮ರಲ್ಲಿ, ಅಮೆರಿಕದ ಕ್ಯಾಡಿಲಾಕ್ ಸೆವಿಲ್ ಕಾರಿನಲ್ಲಿ ಸೂಕ್ಷ್ಮ ಗಣಕದಿಂದ ನಡೆಯುವ ಟ್ರಿಪ್ ಕಂಪ್ಯೂಟರ್ ದೊರೆಯುವಂತಾಯಿತು. ಅಲ್ಲಿಯೂ ಎಣಿಕೆಯ ತತ್ತ್ವ ಅದೇ. ಕಲ್ಲಿನ ಬದಲು ವಿದ್ಯುತ್ ಸ್ಪಂದ ಬಂದಿತು, ಅಷ್ಟೆ. ನಮ್ಮ ಜೀಪಿನ ಉದಾಹರಣೆಯಲ್ಲಿ, ಗೇರುಪೆಟ್ಟಿಗೆಯಿಂದ ಚಕ್ರಗಳ ಕಡೆಗೆ ಹೊರಡುವ ದಂಡದ ಬಳಿ ಒಂದು ಸಂವೇದಕವಿರುತ್ತದೆ. ದಂಡ ತಿರುಗಿದಂತೆಲ್ಲ ಅದು ಸ್ಪಂದಗಳನ್ನು ಕಳಿಸುತ್ತದೆ. ಒಂದು ಮೈಲಿಗೆ ೮,೦೦೦ ಸ್ಪಂದ. ಎಂದರೆ ವಾಹನ ಸುಮಾರು ೨೦ ಸೆಂಟಿಮೀಟರ್ ಸರಿದಾಗಲೆಲ್ಲ ಒಂದೊಂದು ಸ್ಪಂದ.

ಇಲ್ಲಿಯೇ ಒಂದು ಷರತ್ತು ಅಡಗಿದೆ. ಲೆಕ್ಕಿಗನು ಎಣಿಸುವುದು ದಂಡದ ಸುತ್ತನ್ನು, ರಸ್ತೆಯ ಉದ್ದವನ್ನಲ್ಲ. ಟಯರಿನ ತ್ರಿಜ್ಯ ಬದಲಾಗದೆಂಬ ನಂಬಿಕೆಯ ಮೇಲೆ ಅವನ ಲೆಕ್ಕ ನಿಂತಿದೆ. ೩೪೦ ಮಿಲಿಮೀಟರ್ ತ್ರಿಜ್ಯದ ಹೊಸ ಟಯರು ೬ ಮಿಲಿಮೀಟರ್ ಸವೆಯಿತೆನ್ನೋಣ. ಆಗ ಅಷ್ಟೇ ದೂರವನ್ನು ಕ್ರಮಿಸಲು ಚಕ್ರ ಹೆಚ್ಚು ಸುತ್ತು ತಿರುಗಬೇಕು. ಹೀಗಾಗಿ ೧೦೦ ಕಿಲೋಮೀಟರ್ ನಡೆದ ವಾಹನ ೧೦೨ಕ್ಕೆ ಸಮೀಪದ ಅಂಕಿಯನ್ನು ತೋರಿಸುತ್ತದೆ.

ಹನಿಯ ಲೆಕ್ಕ

ಖರ್ಚಾದ ಪೆಟ್ರೋಲನ್ನು ಅಳೆಯುವ ಬಗೆ ಇನ್ನೂ ಚಮತ್ಕಾರವಾದುದು. ಇದಕ್ಕಾಗಿ ನಳಿಗೆಯಲ್ಲಿ ಬೇರೆ ಮಾಪಕವನ್ನೇನೂ ಇಟ್ಟಿಲ್ಲ. ಎಂಜಿನ್ನಿನ ಪ್ರತಿಯೊಂದು ಸಿಲಿಂಡರಿಗೂ ಪೆಟ್ರೋಲನ್ನು ಸಿಂಪಡಿಸುವ ಒಂದು ಇಂಜೆಕ್ಟರ್ ಇದೆ. ಅದು ವಿದ್ಯುತ್ತಿನಿಂದ ತೆರೆದು ಮುಚ್ಚಿಕೊಳ್ಳುವ ಪುಟ್ಟ ಕವಾಟ. ಪೆಟ್ರೋಲಿನ ಒತ್ತಡ ಒಂದೇ ಸಮನಾಗಿದ್ದರೆ, ಹೊರಬೀಳುವ ಮೊತ್ತವು ಕವಾಟ ತೆರೆದಿರುವ ಕಾಲವನ್ನು ಅವಲಂಬಿಸಿರುತ್ತದೆ. ಎಷ್ಟು ಹೊತ್ತು ತೆರೆಯಬೇಕೆಂದು ಆಜ್ಞೆ ಕೊಡುವ ಎಂಜಿನ್ ಗಣಕಕ್ಕೆ ಈ ಕಾಲ ಹೇಗೂ ಗೊತ್ತಷ್ಟೆ. ಆ ಕಾಲಗಳನ್ನು ಕೂಡಿಸಿದರೆ ಪೆಟ್ರೋಲಿನ ಲೆಕ್ಕ ಸಿಕ್ಕಿತು.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ನಿಮಿಷಕ್ಕೆ ೨೦೦ ಘನ ಸೆಂಟಿಮೀಟರ್ ಸುರಿಸಬಲ್ಲ ಕವಾಟವು ಒಂದು ಸೆಕೆಂಡಿನ ಸಾವಿರದ ಆರು ಪಾಲಿನಷ್ಟು ಕಾಲ ತೆರೆದರೆ, ಬೀಳುವ ಪೆಟ್ರೋಲು ೦.೦೨ ಘನ ಸೆಂಟಿಮೀಟರ್. ಆರು ಸಿಲಿಂಡರುಗಳ ಎಂಜಿನ್ ನಿಮಿಷಕ್ಕೆ ೨,೦೦೦ ಸುತ್ತು ತಿರುಗುತ್ತಿದೆ. ಎರಡು ಸುತ್ತಿಗೊಮ್ಮೆ ಒಂದೊಂದು ಸಿಲಿಂಡರಿಗೂ ಒಂದು ಸಿಂಪಡಣೆ. ಒಟ್ಟು ನಿಮಿಷಕ್ಕೆ ೬,೦೦೦ ಸಿಂಪಡಣೆ, ೧೨೦ ಘನ ಸೆಂಟಿಮೀಟರ್, ಗಂಟೆಗೆ ೭.೨ ಲೀಟರ್. ವಾಹನ ಗಂಟೆಗೆ ೮೦ ಕಿಲೋಮೀಟರ್ ವೇಗದಲ್ಲಿದ್ದರೆ ಲೀಟರಿಗೆ ೧೧ ಕಿಲೋಮೀಟರ್ ಎಂಬ ಉತ್ತರ ಬರುತ್ತದೆ. ಕವಾಟ ಪೂರ್ತಿಯಾಗಿ ತೆರೆಯಲು ತಗಲುವ ಅಲ್ಪಕಾಲಕ್ಕಾಗಿ ಗಣಕವು ತಿದ್ದುಪಡಿಯನ್ನೂ ಮಾಡಿಕೊಳ್ಳುತ್ತದೆ.

ಎಂಜಿನ್ನಿನ ಬಳಿಯಿಂದ ಚಾವಣಿಯವರೆಗೆ ಈ ವಾರ್ತೆಗಳು ಬರುವುದು ಒಂದಕ್ಕೊಂದು ಹೆಣೆದ ಎರಡು ತಂತಿಗಳ ಮೂಲಕ. ದೂರದ ಸುದ್ದಿ, ಪೆಟ್ರೋಲಿನ ಸುದ್ದಿ ಎಲ್ಲವೂ ಸರದಿಯಲ್ಲಿ ಆ ಒಂದೇ ದಾರಿಯಲ್ಲಿ ಸಾಗುತ್ತವೆ. ಕನ್ಸೋಲ್ ತನಗೆ ಬೇಕಾದುದನ್ನು ಮಾತ್ರ ಆರಿಸಿಕೊಳ್ಳುತ್ತದೆ.

ಸರಾಸರಿಯ ಮರ್ಮ

ಒಟ್ಟು ದೂರವನ್ನು ಒಟ್ಟು ಪೆಟ್ರೋಲಿನಿಂದ ಭಾಗಿಸಿದರೆ ಸರಾಸರಿ. ಇದು ಸುಲಭವೆಂದು ತೋರಿದರೂ ಇಲ್ಲಿ ವಿದ್ಯಾರ್ಥಿಗಳು ಎಡವುವುದುಂಟು. ಮೊದಲ ೧೦೦ ಕಿಲೋಮೀಟರನ್ನು ಲೀಟರಿಗೆ ೮ರಂತೆಯೂ ಮುಂದಿನ ೧೦೦ನ್ನು ಲೀಟರಿಗೆ ೧೨ರಂತೆಯೂ ಕ್ರಮಿಸಿದರೆ ಸರಾಸರಿ ೧೦ ಅಲ್ಲವೆ? ಅಲ್ಲ. ಮೊದಲನೆಯದಕ್ಕೆ ೧೨.೫ ಲೀಟರ್, ಎರಡನೆಯದಕ್ಕೆ ೮.೩೩ ಲೀಟರ್, ಒಟ್ಟು ೨೦.೮೩ ಲೀಟರಿಗೆ ೨೦೦ ಕಿಲೋಮೀಟರ್, ಎಂದರೆ ೯.೬. ಕಷ್ಟದ ದಾರಿ ಹೆಚ್ಚು ಪೆಟ್ರೋಲನ್ನು ಕುಡಿಯುವುದರಿಂದ ಸರಾಸರಿಯನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ.

ಭವಿಷ್ಯ ನುಡಿಯುವ ಅಂಕಿ

ಇದುವರೆಗಿನ ಅಂಕಿಗಳು ಆಗಿಹೋದುದರ ಲೆಕ್ಕ. ಆದರೆ ‘ಇನ್ನೆಷ್ಟು ದೂರ ಹೋಗಬಹುದು’ ಎಂಬುದು ಭವಿಷ್ಯದ ಮಾತು. ಲೆಕ್ಕಿಗನು ತೊಟ್ಟಿಯಲ್ಲಿರುವ ಪೆಟ್ರೋಲನ್ನು ಇತ್ತೀಚಿನ ಸರಾಸರಿಯಿಂದ ಗುಣಿಸಿ ಇದನ್ನು ಹೇಳುತ್ತಾನೆ. ತೊಟ್ಟಿಯಲ್ಲಿ ತೇಲುವ ಒಂದು ಬುರುಡೆ ಏರಿಳಿದಂತೆ ವಿದ್ಯುತ್ ನಿರೋಧ ಬದಲಾಗುತ್ತದೆ. ಅದರಿಂದ ಮಟ್ಟ ತಿಳಿಯುತ್ತದೆ. ತಿರುವುಗಳಲ್ಲಿ ಪೆಟ್ರೋಲು ತುಳುಕಾಡುವುದರಿಂದ ಅಂಕಿ ಕುಣಿಯದಿರಲೆಂದು ಹಲವು ಅಳತೆಗಳನ್ನು ಸೇರಿಸಿ ಹದಗೊಳಿಸುತ್ತಾರೆ.

‘ಮುಂದಿನ ದಾರಿಯೂ ಹಿಂದಿನ ದಾರಿಯಂತೆಯೇ ಇದ್ದರೆ’ ಎಂಬುದೇ ಈ ಭವಿಷ್ಯದ ಷರತ್ತು. ಅಮೆರಿಕದ ಕೊಲೊರಾಡೊ ರಾಜ್ಯದ ಡೆನ್ವರ್ ನಗರ ಸಮುದ್ರಮಟ್ಟದಿಂದ ಸುಮಾರು ೧,೬೦೦ ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಪಶ್ಚಿಮಕ್ಕೆ ಹೊರಟ ಹೆದ್ದಾರಿಯು ರಾಕಿ ಪರ್ವತಗಳನ್ನು ಏರಿ, ೧೯೭೩ರಲ್ಲಿ ಸಂಚಾರಕ್ಕೆ ತೆರೆದ ಐಸೆನ್‌ಹೋವರ್ ಸುರಂಗವನ್ನು ಸುಮಾರು ೩,೪೦೦ ಮೀಟರ್ ಎತ್ತರದಲ್ಲಿ ಹೊಗುತ್ತದೆ. ದಾರಿ ಸುಮಾರು ೧೦೦ ಕಿಲೋಮೀಟರ್. ಏರಿಕೆ ೧,೮೦೦ ಮೀಟರ್.

ಎರಡು ಟನ್ ತೂಕದ ವಾಹನವನ್ನು ಅಷ್ಟು ಎತ್ತರಕ್ಕೆ ಎತ್ತಲು ಸುಮಾರು ೩.೫ ಕೋಟಿ ಜೂಲ್ ಶಕ್ತಿ ಬೇಕು. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು ೩.೨ ಕೋಟಿ ಜೂಲ್ ಅಡಗಿದೆಯಾದರೂ ಅದರಲ್ಲಿ ಕಾಲುಭಾಗ ಚಕ್ರಕ್ಕೆ ಮುಟ್ಟುತ್ತದೆಂದು ಹಿಡಿದರೆ ೮೦ ಲಕ್ಷ ಮಾತ್ರ. ಆದ್ದರಿಂದ ಏರಿಕೆಗೆಂದೇ ೪.೪ ಲೀಟರ್ ಹೆಚ್ಚಿಗೆ ಬೇಕು. ಸಮತಟ್ಟು ರಸ್ತೆಯಲ್ಲಿ ಲೀಟರಿಗೆ ೯ ಕಿಲೋಮೀಟರ್ ಓಡುವ ವಾಹನಕ್ಕೆ ೧೦೦ ಕಿಲೋಮೀಟರಿಗೆ ೧೧.೧ ಲೀಟರ್ ಸಾಕು, ಇಲ್ಲಿ ೧೫.೫ ಲೀಟರ್ ಖರ್ಚಾಗುತ್ತದೆ. ತೊಟ್ಟಿಯಲ್ಲಿ ೨೦ ಲೀಟರ್ ಇದ್ದಾಗ ಡೆನ್ವರಿನಲ್ಲಿ ಲೆಕ್ಕಿಗನು ೧೮೦ ಕಿಲೋಮೀಟರ್ ಎಂದು ಹೇಳಿರುತ್ತಾನೆ. ಏರುದಾರಿಯೇ ಮುಂದುವರಿದರೆ ಅದು ೧೩೦ಕ್ಕಿಂತ ಹೆಚ್ಚಿಲ್ಲ. ಬೆಟ್ಟದ ಮೇಲೆ, ಹಿಮ ಬೀಳುವ ರಾತ್ರಿಯಲ್ಲಿ, ಈ ೫೦ ಕಿಲೋಮೀಟರಿನ ವ್ಯತ್ಯಾಸ ಹುಡುಗಾಟವಲ್ಲ.

ಸುರಂಗವನ್ನು ದಾಟಿ ಇಳಿಯತೊಡಗಿದಾಗ ಇದಕ್ಕೆ ವಿರುದ್ಧವಾದುದು ನಡೆಯುತ್ತದೆ. ವೇಗೋತ್ಕರ್ಷಕದಿಂದ ಕಾಲು ತೆಗೆದೊಡನೆ ಎಂಜಿನ್ ಗಣಕವು ಇಂಜೆಕ್ಟರುಗಳನ್ನು ಮುಚ್ಚಬಹುದು. ದೂರ ಕೂಡುತ್ತಿರುತ್ತದೆ, ಪೆಟ್ರೋಲು ಖರ್ಚಾಗದು. ಸರಾಸರಿ ಏರಿ, ‘ಹೋಗಬಹುದಾದ ದೂರ’ ಹೆಚ್ಚುತ್ತ ಹೋಗುತ್ತದೆ. ತೊಟ್ಟಿಯಲ್ಲಿ ಪೆಟ್ರೋಲು ತಾನಾಗಿ ಹುಟ್ಟಿತೋ ಎಂದು ಅನುಮಾನ ಬರುವಂತೆ! ಲೆಕ್ಕದಲ್ಲಿ ತಪ್ಪಿಲ್ಲ, ಷರತ್ತು ಬದಲಾಗಿದೆ, ಅಷ್ಟೆ.

ಮುಂಬದಿಯ ಉಷ್ಣತಾಮಾಪಕ

ಹೊರಗಿನ ಉಷ್ಣತೆಯನ್ನು ಅಳೆಯುವ ಥರ್ಮಿಸ್ಟರ್ ಎಂಬ ಗುಳಿಗೆಯನ್ನು ವಾಹನದ ಮುಂಬದಿಯಲ್ಲಿ, ರೇಡಿಯೇಟರಿನ ಮುಂದೆ, ಗಾಳಿಗೆ ಒಡ್ಡಿ ಇಟ್ಟಿರುತ್ತಾರೆ. ಲೋಹದ ಆಕ್ಸೈಡುಗಳಿಂದ ಮಾಡಿದ ಇದರ ವಿದ್ಯುತ್ ನಿರೋಧ ಬಿಸಿಯಾದಂತೆ ಇಳಿಯುತ್ತದೆ, ತಂಪಾದಂತೆ ಏರುತ್ತದೆ. ೨೫ ಡಿಗ್ರಿ ಸೆಲ್ಸಿಯಸ್‌ನಲ್ಲಿ ೧೦,೦೦೦ ಓಮ್ ಇರುವ ಸಾಮಾನ್ಯ ಬಗೆಯ ಗುಳಿಗೆಯ ನಿರೋಧ ಸೊನ್ನೆ ಡಿಗ್ರಿಯಲ್ಲಿ ಅದರ ಮೂರು ಮಡಿಗೂ ಮಿಗುತ್ತದೆ.

ವಾಹನ ನಿಂತಾಗ ಎಂಜಿನ್ನಿನ ಕಾವು ಈ ಗುಳಿಗೆಯನ್ನೂ ಬಿಸಿಮಾಡುತ್ತದೆ. ಅದಕ್ಕಾಗಿ ಗಣಕಕ್ಕೆ ಒಂದು ವಿವೇಕವನ್ನು ಕಲಿಸಿದ್ದಾರೆ: ವಾಹನ ಓಡಿ ತಂಗಾಳಿ ಬೀಸುವವರೆಗೆ ಏರಿದ ಅಂಕಿಯನ್ನು ನಂಬಬೇಡ, ಹಳೆಯದನ್ನೇ ತೋರಿಸುತ್ತಿರು. ಆದರೂ ಅದು ಅಳೆಯುವುದು ಗಾಳಿಯ ಉಷ್ಣತೆಯನ್ನು, ರಸ್ತೆಯದನ್ನಲ್ಲ. ಮೋಡವಿಲ್ಲದ ರಾತ್ರಿ ನೆಲ ತನ್ನ ಕಾವನ್ನು ಆಕಾಶಕ್ಕೆ ಸೂಸಿ ಗಾಳಿಗಿಂತ ತಣ್ಣಗಾಗುವುದುಂಟು. ಸೇತುವೆಗಳಂತೂ ಮೇಲೂ ಕೆಳಗೂ ಗಾಳಿಗೆ ತೆರೆದುಕೊಂಡು ಬೇಗನೆ ತಣಿಯುತ್ತವೆ. ಕಿಟಕಿಯಲ್ಲಿ ೨ ಅಥವಾ ೩ ಡಿಗ್ರಿ ಎಂದು ಕಂಡರೂ ಚಕ್ರದ ಕೆಳಗೆ ಮಂಜುಗಡ್ಡೆ ಇರಬಹುದು. ಹಲವು ಕಾರುಗಳು ೩ ಡಿಗ್ರಿಯ ಆಸುಪಾಸಿನಲ್ಲಿಯೇ ಎಚ್ಚರಿಕೆ ಕೊಡುವುದು ಇದಕ್ಕಾಗಿಯೇ.

ಕಬ್ಬಿಣದ ಗೂಡಿನಲ್ಲಿ ದಿಕ್ಸೂಚಿ

ದಿಕ್ಕನ್ನು ತಿಳಿಯಲು ಈ ಕನ್ಸೋಲಿನಲ್ಲಿ ತಿರುಗುವ ಸೂಜಿಯಿಲ್ಲ. ಬೇಗನೆ ಕಾಂತತ್ವದಿಂದ ತುಂಬಿಹೋಗುವ ಮಿಶ್ರಲೋಹದ ಒಂದು ತಿರುಳು; ಅದರ ಸುತ್ತ ತಂತಿಯ ಸುರುಳಿ. ಸುರುಳಿಯಲ್ಲಿ ಹಿಂದುಮುಂದಾಗಿ ಹರಿಯುವ ಪ್ರವಾಹವು ತಿರುಳನ್ನು ಕ್ಷಣಕ್ಷಣಕ್ಕೂ ಎರಡು ಕಡೆಗೆ ಕಾಂತವನ್ನಾಗಿಸುತ್ತದೆ. ಹೊರಗೆ ಭೂಮಿಯ ಕಾಂತಕ್ಷೇತ್ರವಿರುವುದರಿಂದ ಒಂದು ಕಡೆಗೆ ತುಸು ಬೇಗ ತುಂಬುತ್ತದೆ. ಒಂದಕ್ಕೊಂದು ಲಂಬವಾಗಿರುವ ಎರಡು ಸುರುಳಿಗಳು ಈ ವ್ಯತ್ಯಾಸವನ್ನು ಗ್ರಹಿಸುತ್ತವೆ. ಅವುಗಳ ಅನುಪಾತದಿಂದ ದಿಕ್ಕು ಹೊರಬರುತ್ತದೆ.

ವಾಹನವೇ ಕಬ್ಬಿಣದ ಗೂಡಾಗಿರುವಾಗ ಭೂಮಿಯ ದುರ್ಬಲ ಕಾಂತಕ್ಷೇತ್ರವನ್ನು ಗುರುತಿಸುವುದು ಹೇಗೆ? ವಾಹನವನ್ನು ಬಯಲಿನಲ್ಲಿ ನಿಧಾನವಾಗಿ ವೃತ್ತಾಕಾರದಲ್ಲಿ ಸುತ್ತಿಸಬೇಕು. ವಾಹನದ ಸ್ವಂತ ಕಾಂತತ್ವ ಅದರೊಡನೆಯೇ ತಿರುಗುವುದರಿಂದ ಸಂವೇದಕಕ್ಕೆ ಬದಲಾಗದಂತೆ ತೋರುತ್ತದೆ. ಭೂಮಿಯದು ಮಾತ್ರ ಬದಲಾಗುತ್ತದೆ. ಬದಲಾಗದ ಭಾಗವನ್ನು ಕಳೆದರೆ ಉಳಿದುದೇ ಭೂಮಿಯ ಪಾಲು!

ಕಾಂತದ ಉತ್ತರವೂ ನಿಜವಾದ ಉತ್ತರವೂ ಎಲ್ಲೆಡೆ ಒಂದೇ ಅಲ್ಲವಷ್ಟೆ. ಕರ್ನಾಟಕದಲ್ಲಿ ಇವುಗಳ ಅಂತರ ಒಂದೆರಡು ಡಿಗ್ರಿ ಮಾತ್ರ. ಆದರೆ ಅಮೆರಿಕದ ವಾಯವ್ಯದ ಸಿಯಾಟಲ್ ನಗರದಲ್ಲಿ ಕಾಂತಸೂಜಿ ಸುಮಾರು ೧೫ ಡಿಗ್ರಿ ಪೂರ್ವಕ್ಕೂ, ಈಶಾನ್ಯದ ಮೇನ್ ರಾಜ್ಯದಲ್ಲಿ ಸುಮಾರು ಅಷ್ಟೇ ಪಶ್ಚಿಮಕ್ಕೂ ವಾಲುತ್ತದೆ. ಆದುದರಿಂದ ಈ ವಾಹನಗಳ ಕೈಪಿಡಿಯಲ್ಲಿ ದೇಶವನ್ನು ವಲಯಗಳಾಗಿ ವಿಂಗಡಿಸಿದ ನಕ್ಷೆಯಿತ್ತು. ತನ್ನ ವಲಯದ ಸಂಖ್ಯೆಯನ್ನು ಚಾಲಕನೇ ಗಣಕಕ್ಕೆ ತಿಳಿಸಬೇಕಾಗಿತ್ತು.

ನಾವೇ ಪರೀಕ್ಷಿಸೋಣ

ಇಂತಹ ಮಾಪಕವಿರುವ ಕಾರು ಮನೆಯಲ್ಲಿದ್ದರೆ ಅಥವಾ ಬಂಧುಮಿತ್ರರಲ್ಲಿದ್ದರೆ ವಿದ್ಯಾರ್ಥಿಗಳು ಅದರ ಪ್ರಾಮಾಣಿಕತೆಯನ್ನು ತಾವೇ ಒರೆಗೆ ಹಚ್ಚಬಹುದು. ತೊಟ್ಟಿಯನ್ನು ತುಂಬಿಸಿ ಸರಾಸರಿಯನ್ನು ಸೊನ್ನೆಗೆ ತನ್ನಿ. ಮುನ್ನೂರು ನಾನೂರು ಕಿಲೋಮೀಟರ್ ಓಡಿದ ಮೇಲೆ ಅದೇ ಬಂಕಿನಲ್ಲಿ, ಅದೇ ಮಟ್ಟಕ್ಕೆ ಮತ್ತೆ ತುಂಬಿಸಿ. ದೂರವನ್ನು ಲೀಟರುಗಳಿಂದ ಭಾಗಿಸಿ, ಕಿಟಕಿಯ ಅಂಕಿಯೊಡನೆ ಹೋಲಿಸಿ. ದೂರವನ್ನು ರಸ್ತೆಯ ಕಿಲೋಮೀಟರ್ ಕಲ್ಲುಗಳೊಡನೆಯೂ ತಾಳೆನೋಡಿ. ವ್ಯತ್ಯಾಸ ಕಂಡರೆ ಅದು ಟಯರಿನದೋ ಇಂಜೆಕ್ಟರಿನದೋ ಎಂದು ಆಲೋಚಿಸಿ.

ಹೊಳೆಯುವ ಅಂಕಿಗೆ ಒಂದು ಬಗೆಯ ಅಧಿಕಾರವಿದೆ. ಅದನ್ನು ಕಂಡೊಡನೆ ನಂಬುವುದು ನಮ್ಮ ಸ್ವಭಾವ. ಆದರೆ ಅದು ಯಾವುದನ್ನು ಅಳೆದು ಬಂದಿತು, ಯಾವುದನ್ನು ಊಹಿಸಿ ಬಂದಿತು ಎಂದು ಕೇಳುವವನೇ ಆ ಅಂಕಿಯಿಂದ ಪೂರ್ಣ ಪ್ರಯೋಜನವನ್ನು ಪಡೆಯಬಲ್ಲನು. ಚಾವಣಿಯ ಲೆಕ್ಕಿಗನು ತನ್ನ ಕೆಲಸವನ್ನು ನಿಷ್ಠೆಯಿಂದ ಮಾಡುತ್ತಾನೆ. ಮುಂದೆ ಬೆಟ್ಟವಿದೆಯೆಂಬುದನ್ನು ನೋಡುವ ಕೆಲಸ ಮಾತ್ರ ಚಾಲಕನದೇ.