ಮೊದಲ ಪುಟದ ಜೋಡಣೆ: ಮುಂಬಯಿಯ ನಿಯತಕಾಲಿಕೆಗಳ ಹಿನ್ನೆಲೆಯಲ್ಲಿ ಕೆಲವು ವಿಚಾರಗಳು

ಒಂದು ನಿಯತಕಾಲಿಕೆಯ ಮೊದಲ ಪುಟದಲ್ಲಿ ಏನಿರಬೇಕು, ಎಷ್ಟಿರಬೇಕು, ಯಾವ ಕ್ರಮದಲ್ಲಿರಬೇಕು ಎಂಬ ಪ್ರಶ್ನೆ ಮೇಲುನೋಟಕ್ಕೆ ಮುದ್ರಣಾಲಯದವರಿಗೆ ಸಂಬಂಧಿಸಿದ್ದೆಂದು ತೋರುತ್ತದೆ. ನಮ್ಮ ಪತ್ರಿಕೆಗಳ ಚರಿತ್ರೆಯನ್ನು ಕುರಿತ ಬರೆಹಗಳಲ್ಲಿ ಸಂಪಾದಕರ ಧ್ಯೇಯಧೋರಣೆಗಳಿಗೆ ದೊರೆತಿರುವ ಗಮನ ಪುಟದ ಜೋಡಣೆಗೆ ದೊರೆತಂತಿಲ್ಲ. ಆದರೆ ಪತ್ರಿಕೆ ತನ್ನ ಓದುಗನನ್ನು ಯಾರೆಂದು ಭಾವಿಸಿಕೊಂಡಿದೆ ಎಂಬುದು ಅದರ ಅಗ್ರಲೇಖನಕ್ಕಿಂತ ಮೊದಲ ಪುಟದಲ್ಲಿಯೇ ಹೆಚ್ಚು ನಿಚ್ಚಳವಾಗಿ ಕಾಣುತ್ತದೆ. ಬರೆಹವನ್ನು ಅಲ್ಲಿ ಪೂರ್ತಿಯಾಗಿ ಕೊಡಬೇಕೆ, ಅದರ ತುದಿಯನ್ನಷ್ಟೇ ತೋರಿಸಿ ಒಳಪುಟಕ್ಕೆ ಕಳಿಸಬೇಕೆ. ಹೊಸದು ಯಾವಾಗಲೂ ಮುಂದಿರಬೇಕೆ, ಹಳೆಯದಾದರೂ ಬೇಕಾದದ್ದಕ್ಕೆ ಅಲ್ಲಿ ಜಾಗವುಂಟೆ ಎಂಬ ಪ್ರಶ್ನೆಗಳಿಗೆ ಕನ್ನಡದ ಮಟ್ಟಿಗೆ ಬೇರೆಯೇ ಉತ್ತರಗಳಿರಬಹುದೆಂಬುದು ಈ ಲೇಖನದ ನಿಲುವು.

ಇಂಥ ವಿಚಾರಕ್ಕೆ ಮುಂಬಯಿ ತಕ್ಕ ನೆಲ. 1822ರ ಜುಲೈ 1ರಂದು ಫರ್ದುನ್‌ಜೀ ಮರ್ಜ್‌ಬಾನ್ ಇಲ್ಲಿ ಆರಂಭಿಸಿದ ಗುಜರಾತಿಯ 'ಮುಂಬಯಿ ಸಮಾಚಾರ' ಇಂದಿಗೂ ನಡೆದುಬಂದಿದೆ. 1832ರ ಜನವರಿ 6ರಂದು ಬಾಳಶಾಸ್ತ್ರಿ ಜಾಂಭೇಕರರು ಹೊರಡಿಸಿದ 'ದರ್ಪಣ'ದ ಪುಟವನ್ನು ಎರಡು ಅಂಕಣಗಳಾಗಿ ಸೀಳಲಾಗಿತ್ತು. ಒಂದರಲ್ಲಿ ಇಂಗ್ಲಿಷ್, ಮಗ್ಗುಲಲ್ಲೇ ಮರಾಠಿ. ಆಳುವವರೂ ಆಳಿಸಿಕೊಳ್ಳುವವರೂ ಒಂದೇ ಹಾಳೆಯನ್ನು ಓದಬೇಕೆಂಬ ಉದ್ದೇಶವನ್ನು ಯಾವ ಪ್ರಣಾಳಿಕೆಯೂ ಇದಕ್ಕಿಂತ ಸ್ಪಷ್ಟವಾಗಿ ಹೇಳಲಾರದು. 1920ರ ಜನವರಿ 31ರಂದು ಡಾ. ಬಿ.ಆರ್. ಅಂಬೇಡ್ಕರರು ಮುಂಬಯಿಯಿಂದ ಹೊರಡಿಸಿದ 'ಮೂಕನಾಯಕ' ತನ್ನ ಹೆಸರಿನೊಡನೆ ತುಕಾರಾಮರ ಅಭಂಗವೊಂದರ ಸಾಲುಗಳನ್ನು ಮುಂದಿಟ್ಟುಕೊಂಡಿತು. ಸುದ್ದಿ ಸಂಚಿಕೆಯಿಂದ ಸಂಚಿಕೆಗೆ ಬದಲಾಗುತ್ತದೆ. ಆ ಸಾಲುಗಳು ಬದಲಾಗುವಂಥವಲ್ಲ. ಮೊದಲ ಪುಟದಲ್ಲಿ ಚರವಾದದ್ದರ ಜೊತೆಗೆ ಸ್ಥಿರವಾದದ್ದಕ್ಕೂ ನೆಲೆಯುಂಟೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಸುದ್ದಿಯೇ ಮೊದಲ ಪುಟದ ಒಡೆಯ ಎಂಬ ಇಂದಿನ ಕಲ್ಪನೆ ಬಹಳ ಹಳೆಯದೇನಲ್ಲ. ಲಂಡನ್ನಿನ 'ದಿ ಟೈಮ್ಸ್' ತನ್ನ ಮೊದಲ ಪುಟಕ್ಕೆ ಸುದ್ದಿಯನ್ನು ತಂದದ್ದು 1966ರ ಮೇ 3ರಂದು. ಮದರಾಸಿನ 'ದಿ ಹಿಂದೂ' 1958ರ ಜನವರಿ 14ರಂದು. ಅಲ್ಲಿಯವರೆಗೆ ಆ ಪುಟ ಜಾಹೀರಾತುಗಳದು. 1838ರಲ್ಲಿ ಹುಟ್ಟಿ ಮುಂದೆ 'ಟೈಮ್ಸ್ ಆಫ್ ಇಂಡಿಯಾ' ಆದ ಪತ್ರಿಕೆಯ ಮೂಲ ಹೆಸರಿನಲ್ಲಿಯೇ 'ಬಾಂಬೆ ಟೈಮ್ಸ್' ಎಂಬುದರ ಬೆನ್ನಿಗೆ ವಾಣಿಜ್ಯದ ಪತ್ರಿಕೆ ಎಂಬ ಮಾತೂ ಸೇರಿತ್ತು. ಹಡಗು ಬಂದಿತೆ, ಹತ್ತಿಯ ಧಾರಣೆ ಏನು, ಯಾವ ಮನೆ ಹರಾಜಿಗಿದೆ ಎಂದು ಹುಡುಕುವ ವರ್ತಕನಿಗೆ ಇದು ಸಲ್ಲುವ ಜೋಡಣೆಯೇ ಆಗಿತ್ತು. ಇದನ್ನು ಹಿಂದಿನವರ ಅರಿವುಗೇಡಿತನವೆಂದು ತಳ್ಳಿಹಾಕುವಂತಿಲ್ಲ. ಓದುಗ ಹುಡುಕಿಕೊಂಡು ಬರುವುದನ್ನು ಅವನ ಕೈಗೆಟಕುವಲ್ಲಿ ಇಡಬೇಕೆಂಬ ತತ್ತ್ವ ಅಲ್ಲಿಯೂ ಇತ್ತು.

ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ'ವನ್ನು ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಹೊರಡಿಸಿದಾಗ ಅದು ಕಲ್ಲಚ್ಚಿನಲ್ಲಿ ಮುದ್ರಿತವಾದ ನಾಲ್ಕು ಪುಟಗಳ ಪಾಕ್ಷಿಕ. ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗದಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಶ್ರೀನಿವಾಸ ಹಾವನೂರರ 'ಹೊಸಗನ್ನಡದ ಅರುಣೋದಯ'ದಿಂದಾಗಿ (1974) ಆ ಕಾಲದ ಮುದ್ರಣದ ಪರಿಚಯ ನಮಗೆ ಚೆನ್ನಾಗಿ ಆಗಿದೆ. ಊರಿನ ವರ್ತಮಾನ, ಸರಕಾರದ ನಿರೂಪಗಳು, ಪರರಾಜ್ಯಗಳ ಸುದ್ದಿ, ಕಥೆ, ಸುಬುದ್ಧಿ ಎಂಬ ವಿಂಗಡಣೆ ಅದರಲ್ಲಿತ್ತು. ನಾಲ್ಕೇ ಪುಟಗಳ ಪತ್ರಿಕೆಯಲ್ಲಿ ಮುಂದಿನದು ಯಾವುದು, ಒಳಗಿನದು ಯಾವುದು ಎಂಬ ತೊಡಕು ಅಷ್ಟಾಗಿ ಕಾಡುವುದಿಲ್ಲ. ಪುಟಗಳು ಎಂಟೋ ಹದಿನಾರೋ ಆದಾಗ, ಓದುಗ ಮೊದಲ ಪುಟವನ್ನು ಮಾತ್ರ ನೋಡಿ ಕೆಳಗಿಡುವ ಸಂಭವ ಹುಟ್ಟಿದಾಗ, ತೊಡಕು ಆರಂಭವಾಗುತ್ತದೆ.

ಮುಂಬಯಿಯಲ್ಲಿ ಪತ್ರಿಕೆ ಓದುವ ಬಗೆಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ದೊಡ್ಡ ಹಾಳೆಯ ದಿನಪತ್ರಿಕೆ ಅಂಗಡಿಯ ಹಲಗೆಯ ಮೇಲೆ ನಡುವೆ ಮಡಿಚಿ ಕುಳಿತಿರುತ್ತದೆ; ಕಣ್ಣಿಗೆ ಬೀಳುವುದು ಮೇಲಿನ ಅರ್ಧವಷ್ಟೆ. ಅದನ್ನು ಕೊಂಡು ಲೋಕಲ್ ಗಾಡಿ ಹತ್ತಿದವನು ಪಕ್ಕದವನ ಮುಖಕ್ಕೆ ತಗಲದಂತೆ ಉದ್ದಕ್ಕೆ ಮಡಿಚಿ, ಎರಡೋ ಮೂರೋ ಅಂಕಣಗಳ ಅಗಲದ ಪಟ್ಟಿಯನ್ನಾಗಿ ಮಾಡಿಕೊಂಡು, ಒಂದು ಕೈಯಲ್ಲಿ ಮೇಲಿನ ಹಿಡಿಕೆಯನ್ನು ಹಿಡಿದು ಓದುತ್ತಾನೆ. ಇಂಥವನಿಗೆ 'ಪುಟ 6 ನೋಡಿ' ಎಂದರೆ ನಾಲ್ಕು ಜನರ ನಡುವೆ ಹಾಳೆ ಬಿಡಿಸಿ ಎಂದು ಹೇಳಿದಂತೆ. ಪೂರ್ತಿ ಲೇಖನವನ್ನು ಮೊದಲ ಪುಟದಲ್ಲಿಯೇ ಕೊಟ್ಟರೆ ಈ ಕಷ್ಟವಿಲ್ಲ. ಆದರೆ ಆಗ ಮೊದಲ ಪುಟದಲ್ಲಿ ಎರಡು ಬರೆಹಗಳಿಗೆ ಮಾತ್ರ ಜಾಗ. ಉಳಿದ ಹತ್ತು ಬರೆಹಗಳು ಇವೆಯೆಂಬುದೇ ಅವನಿಗೆ ತಿಳಿಯದೆ ಹೋಗುತ್ತದೆ. ಆದ್ದರಿಂದಲೇ ತುದಿಯನ್ನು ತೋರಿಸಿ ಒಳಗೆ ಕಳಿಸುವ ಪದ್ಧತಿ ಎಲ್ಲೆಡೆ ಗೆದ್ದಿತು.

ಕನ್ನಡಕ್ಕೆ ಈ ಪದ್ಧತಿ ಬಂದಾಗ ಒಂದು ವಿಶೇಷ ಸಮಸ್ಯೆ ಎದುರಾಗುತ್ತದೆ. ಇಂಗ್ಲಿಷ್ ವಾಕ್ಯದಲ್ಲಿ ಕರ್ತೃವಿನ ಬೆನ್ನಿಗೇ ಕ್ರಿಯಾಪದ ಬರುತ್ತದೆ. ವಾಕ್ಯವನ್ನು ನಡುವೆ ಕತ್ತರಿಸಿದರೂ ಯಾರು ಏನು ಮಾಡಿದರು ಎಂಬುದು ಬಹುಮಟ್ಟಿಗೆ ಉಳಿಯುತ್ತದೆ. ಕನ್ನಡದಲ್ಲಿ ಕ್ರಿಯೆ ಕೊನೆಗೆ ನಿಲ್ಲುತ್ತದೆ. 'ಮಹಾನಗರಪಾಲಿಕೆಯು ತನ್ನ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಮುಂದಿನ ವರ್ಷ ಒಂದನೆಯ ತರಗತಿಯನ್ನು' ಎಂದು ನಿಲ್ಲಿಸಿ, ಮುಂದಿನದನ್ನು ಒಳಪುಟಕ್ಕೆ ದಾಟಿಸಿದರೆ, ತರಗತಿಯನ್ನು ತೆರೆಯುವುದೋ ಮುಚ್ಚುವುದೋ ತಿಳಿಯುವುದಿಲ್ಲ. ಮಗುವನ್ನು ಶಾಲೆಗೆ ಸೇರಿಸಬೇಕಾದ ತಾಯಿಗೆ ಬೇಕಾದದ್ದು ಆ ಒಂದು ಕ್ರಿಯಾಪದವೇ. ನಿರಾಕರಣೆಯೂ ನಮ್ಮಲ್ಲಿ ಕ್ರಿಯೆಯ ಬಾಲಕ್ಕೆ ಅಂಟಿಕೊಂಡಿರುತ್ತದೆ: 'ಕೊಡುವುದು' ಎಂಬುದು 'ಕೊಡುವುದಿಲ್ಲ' ಎಂದಾಗುವುದು ಕೊನೆಯ ಎರಡಕ್ಷರಗಳಲ್ಲಿ. ಪದಗಳನ್ನು ಎಣಿಸಿ ಕತ್ತರಿಸುವ ಕ್ರಮ ಕನ್ನಡದಲ್ಲಿ ಅರ್ಥವನ್ನು ಕುಂದಿಸುವುದಷ್ಟೇ ಅಲ್ಲ, ತಿರುಗುಮುರುಗು ಮಾಡಬಹುದೆಂಬುದು ನಿರ್ವಿವಾದ. ಮರಾಠಿಗೂ ಈ ಮಾತು ಅನ್ವಯಿಸುತ್ತದೆ.

ಇದರ ಜೊತೆಗೆ ನಮ್ಮ ಗದ್ಯದ ಇನ್ನೊಂದು ಅಭ್ಯಾಸವನ್ನೂ ಗಮನಿಸಬೇಕು. ಕನ್ನಡದ ಲೇಖಕರಿಗೆ ಪೀಠಿಕೆಯ ಮೋಹ ಬಹಳ. ವಿಷಯ ಮೂರನೆಯ ಕಂಡಿಕೆಗೆ ಮೊದಲು ಬಾಗಿಲು ತೆರೆಯುವುದು ಅಪರೂಪ. (ಈ ಲೇಖನವೂ ಆ ದೋಷದಿಂದ ಮುಕ್ತವೆಂದು ಹೇಳಲಾರೆ.) ಹೀಗಿರುವಾಗ ಲೇಖನದ ಮೊದಲ ಹತ್ತು ಸಾಲುಗಳನ್ನು ಕಿತ್ತು ಮೊದಲ ಪುಟಕ್ಕೆ ಹಾಕಿದರೆ ಓದುಗನಿಗೆ ದೊರೆಯುವುದು ಪೀಠಿಕೆಯೇ ಹೊರತು ಲೇಖನವಲ್ಲ.

ಪರಿಹಾರಕ್ಕೆ ನಾವು ದೂರ ಹೋಗಬೇಕಾದ ಅಗತ್ಯವಿಲ್ಲ. ಕುಮಾರವ್ಯಾಸನ ಭಾರತದಲ್ಲಿಯೂ ಲಕ್ಷ್ಮೀಶನ 'ಜೈಮಿನಿ ಭಾರತ'ದಲ್ಲಿಯೂ ಸಂಧಿಯ ತಲೆಯಲ್ಲಿ 'ಸೂಚನೆ' ಎಂಬ ಪದ್ಯಭಾಗವಿರುತ್ತದೆ. ಮುಂದೆ ಬರುವ ಕಥೆಯ ತಿರುಳನ್ನು ಕೆಲವೇ ಸಾಲುಗಳಲ್ಲಿ ಅದು ಹೇಳಿಬಿಡುತ್ತದೆ. ಸಂಧಿಯ ಮೊದಲ ಪದ್ಯವನ್ನೇ ತುಂಡರಿಸಿ ಸೂಚನೆಯೆಂದು ಕರೆದದ್ದಲ್ಲ ಅದು, ಬೇರೆಯಾಗಿಯೇ ರಚಿತವಾದದ್ದು. ಅದರ ವಾಕ್ಯ ಪೂರ್ಣ. ಯಾರು ಯಾರನ್ನು ಗೆದ್ದರೆಂಬುದನ್ನು ಅದು ಮುಚ್ಚಿಡುವುದಿಲ್ಲ. ಕಥೆ ಮೊದಲೇ ತಿಳಿದರೆ ಕೇಳುವವರ ಕುತೂಹಲ ತಗ್ಗೀತು ಎಂಬ ಭಯ ಆ ಕವಿಗಳಿಗೆ ಇರಲಿಲ್ಲ. ಗಮಕಿಯ ಮುಂದೆ ಕುಳಿತವರು ಎದ್ದುಹೋಗಲೂ ಇಲ್ಲ. ಮೊದಲ ಪುಟದಲ್ಲಿ ಒಳಗಿನ ಬರೆಹವನ್ನು ತೋರಿಸುವ ಸಂಪಾದಕನಿಗೆ ಇದಕ್ಕಿಂತ ಒಳ್ಳೆಯ ಮಾದರಿ ಇಲ್ಲವೆಂದೇ ನನ್ನ ಅಭಿಪ್ರಾಯ. ಕತ್ತರಿಸಿದ ತುದಿಯ ಬದಲು ಕ್ರಿಯಾಪದದಿಂದ ಮುಗಿಯುವ ಎರಡು ಮೂರು ಸಾಲುಗಳ ಸೂಚನೆ, ಅದರ ಬದಿಗೆ ಪುಟಸಂಖ್ಯೆ. ಇದಕ್ಕೆ ಸಂಪಾದಕ ಪ್ರತಿಯೊಂದು ಬರೆಹವನ್ನೂ ಕೊನೆಯವರೆಗೆ ಓದಿರಬೇಕಾಗುತ್ತದೆ. ಈ ಪದ್ಧತಿಗಿರುವ ನಿಜವಾದ ಅಡ್ಡಿ ಅದೇ ಇರಬಹುದು.

ಲಿಪಿಯ ಮಾತೂ ಒಂದಿಷ್ಟಿದೆ. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಎರಡು ಸಾಲುಗಳ ನಡುವೆ ಹೆಚ್ಚು ತೆರವು ಬೇಕು. ಪ್ರತ್ಯಯಗಳು ಸೇರಿ ಪದಗಳು ಉದ್ದವಾಗುವುದರಿಂದ ಒಂದು ಅಂಕಣದ ಅಗಲದಲ್ಲಿ ದಪ್ಪಕ್ಷರದ ತಲೆಬರೆಹ ಕೂರುವುದಿಲ್ಲ. ಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ ಇದು ಕಂಪೋಸಿಟರನ ತಲೆನೋವಾಗಿತ್ತು. ಗಣಕ ಬಂದ ಮೇಲೆ ಅಕ್ಷರವನ್ನು ಹಿಗ್ಗಿಸುವುದೂ ಕುಗ್ಗಿಸುವುದೂ ಸುಲಭವಾಯಿತು, ಆದರೆ ಪುಟದ ಅಳತೆ ಬೆಳೆಯಲಿಲ್ಲ. ಇಂಗ್ಲಿಷ್ ಪತ್ರಿಕೆಯ ಮೊದಲ ಪುಟದಲ್ಲಿ ಹತ್ತು ವಿಷಯಗಳು ಹಿಡಿಸಿದರೆ ಕನ್ನಡದ್ದರಲ್ಲಿ ಅಷ್ಟು ಹಿಡಿಸಲಾರವೆಂಬುದನ್ನು ಒಪ್ಪಿಕೊಂಡೇ ಜೋಡಣೆಗೆ ಕೈಹಾಕಬೇಕು.

ಇನ್ನು ಕ್ರಮದ ಪ್ರಶ್ನೆ. ಹೊಸದು ಮುಂದೆ, ಹಳೆಯದು ಹಿಂದೆ ಎಂಬುದು ದಿನಪತ್ರಿಕೆಗೆ ಸಹಜವಾದ ನಿಯಮ. ಧಾರಾವಾಹಿಗೆ ಅದು ಹೊಂದುವುದಿಲ್ಲ. ಹನ್ನೆರಡನೆಯ ಕಂತನ್ನು ಮೊದಲು ಕಂಡವನಿಗೆ ಹಿಂದಿನ ಕಥೆಯನ್ನು ಹೇಳಲೇಬೇಕು. ಕಾಲಾನುಕ್ರಮವೇ ಏಕೈಕ ಕ್ರಮವಲ್ಲವೆಂಬುದನ್ನು ಕನ್ನಡದ ವಿದ್ಯಾರ್ಥಿಗಳಿಗೆ ನೆನಪಿಸಬೇಕಾಗಿಲ್ಲ. ವಚನಗಳ ಕೆಳಗೆ ತಾರೀಖು ಇಲ್ಲ. ಅವುಗಳನ್ನು ಸ್ಥಲಗಳ ಪ್ರಕಾರ ಜೋಡಿಸಿದವರು ಒಂದು ಬಗೆಯ ಬಸವಣ್ಣನನ್ನು ಕಾಣಿಸಿದರು. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ 'ಶೂನ್ಯಸಂಪಾದನೆ'ಯಲ್ಲಿ ಅವನ್ನೇ ಸಂವಾದವಾಗಿ ಜೋಡಿಸಿದಾಗ ಅಲ್ಲಮ ನಡುವೆ ಬಂದು ನಿಂತ. ವಚನಗಳು ಅವೇ, ಕಾಣುವ ಲೋಕ ಬೇರೆ. ಜೋಡಣೆಯೂ ಒಂದು ವ್ಯಾಖ್ಯಾನವೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಮುಂಬಯಿ ಕನ್ನಡಿಗರ ಮಟ್ಟಿಗೆ ಕ್ರಮದ ಪ್ರಶ್ನೆ ಮತ್ತೊಂದು ರೂಪ ತಾಳುತ್ತದೆ. ಇಲ್ಲಿಯ ಓದುಗನಿಗೆ 'ಊರಿನ ಸುದ್ದಿ' ಎಂದರೆ ಎರಡು: ತಾನು ಬಿಟ್ಟುಬಂದ ಊರಿನದು, ತಾನು ನೆಲಸಿದ ಊರಿನದು. ಮುಂಬಯಿಯಲ್ಲಿಯೇ ಹುಟ್ಟಿದ 'ಕರ್ನಾಟಕ ಮಲ್ಲ'ವಾಗಲಿ, 1970ರಲ್ಲಿ ಮಣಿಪಾಲದಲ್ಲಿ ಆರಂಭವಾಗಿ ಮುಂದೆ ಮುಂಬಯಿ ಆವೃತ್ತಿಯನ್ನೂ ತಂದ 'ಉದಯವಾಣಿ'ಯಾಗಲಿ ಈ ಇಬ್ಬಂದಿಯನ್ನು ಎದುರಿಸಲೇಬೇಕಾಯಿತು. 2005ರ ಜುಲೈ 26ರಂದು ಸಾಂತಾಕ್ರೂಸಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಂಥ ಸಂದರ್ಭದಲ್ಲಿ ಸಂಪಾದಕನಿಗೆ ಆಯ್ಕೆಯ ಕಷ್ಟವಿರುವುದಿಲ್ಲ. ಮುಂಬಯಿಯ ಸುದ್ದಿಗೆ ಕುಂದಾಪುರದಲ್ಲಿಯೂ ಜನ ಕಾಯುತ್ತಿರುತ್ತಾರೆ. ಕಷ್ಟವಿರುವುದು ಏನೂ ಆಗದ ದಿನಗಳಲ್ಲಿ.

ಸಂಘಸಂಸ್ಥೆಗಳ ಮುಖವಾಣಿಗಳದು ಬೇರೆಯೇ ದಾರಿ. 'ಮೊಗವೀರ', ಮೈಸೂರು ಅಸೋಸಿಯೇಶನ್ನಿನ 'ನೇಸರು', 'ಅಕ್ಷಯ', 'ಗೋಕುಲವಾಣಿ' ಮುಂತಾದವು ಈ ನಗರದ ಕನ್ನಡ ಜೀವನವನ್ನು ದಾಖಲಿಸಿದ ಬಗೆ ಪ್ರತ್ಯೇಕ ಅಧ್ಯಯನಕ್ಕೆ ಅರ್ಹವಾದದ್ದು. ಸಂಸ್ಥೆಯ ಪತ್ರಿಕೆಗಳಲ್ಲಿ ಮೊದಲ ಪುಟದ ಮೇಲಿನ ಒತ್ತಡ ಸುದ್ದಿಯದಲ್ಲ, ಸೌಜನ್ಯದ್ದು. ಅತಿಥಿಗಳ ಚಿತ್ರ, ದಾನಿಗಳ ಹೆಸರು, ಅಧ್ಯಕ್ಷರ ಮಾತು ಇವುಗಳನ್ನು ಒಳಗೆ ಸರಿಸುವುದು ಸುಲಭವಲ್ಲ.

ಇಂಥದೊಂದು ಸಂಸ್ಥೆಯ ಪತ್ರಿಕೆಯ ಸಂಪಾದಕ ಮಂಡಳಿಯಲ್ಲಿ 1980ರ ದಶಕದ ಕೊನೆಯಲ್ಲಿ ನಾನು ಕೆಲವು ವರ್ಷ ದುಡಿದದ್ದುಂಟು. ಒಂದು ಮೇ ತಿಂಗಳ ಸಂಚಿಕೆಯ ಮೊದಲ ಪುಟವನ್ನು ವಾರ್ಷಿಕೋತ್ಸವದ ವರದಿಗೆ ಪೂರ್ತಿಯಾಗಿ ಬಿಟ್ಟುಕೊಟ್ಟೆವು. ರಾತ್ರಿ ಶಾಲೆಯ ಪ್ರವೇಶಕ್ಕೆ ಅರ್ಜಿ ಕೊಡಬೇಕಾದ ಕೊನೆಯ ದಿನಾಂಕ ಹನ್ನೊಂದನೆಯ ಪುಟದಲ್ಲಿ, ಒಂದು ಪ್ರವಾಸಕಥನದ ಅಡಿಯಲ್ಲಿ ಉಳಿದ ಜಾಗದಲ್ಲಿ ಅಚ್ಚಾಗಿತ್ತು. ಜೂನ್ ಕೊನೆಗೆ ಹೋಟೆಲಿನಲ್ಲಿ ಕೆಲಸಕ್ಕಿದ್ದ ಹುಡುಗನೊಬ್ಬ ಬಂದು ನಿಂತ. ಪತ್ರಿಕೆ ಅವರ ಹೋಟೆಲಿಗೆ ಬರುತ್ತಿತ್ತು. ಗಲ್ಲಾದ ಪಕ್ಕದಲ್ಲಿ ಮಡಿಚಿಟ್ಟಿರುತ್ತಿತ್ತು. "ಎದುರಿನ ಪುಟ ಇಡೀ ಓದಿದ್ದೆ ಸರ್, ಅದರಲ್ಲಿ ಶಾಲೆಯ ವಿಷಯ ಇರಲಿಲ್ಲ" ಎಂದ. ಧಣಿಗಳ ಪತ್ರಿಕೆಯನ್ನು ಒಳಗೆ ಬಿಡಿಸಿ ನೋಡುವ ಧೈರ್ಯ ಅವನಿಗೆ ಇರಲಿಲ್ಲ. ಸೀಟುಗಳು ತುಂಬಿದ್ದವು. ಅವನ ಒಂದು ವರ್ಷ ಹೋಯಿತು.

ಆಮೇಲೆ ನಡೆದ ಮಂಡಳಿಯ ಸಭೆಯಲ್ಲಿ ಮೊದಲ ಪುಟದ ಎಡ ಅಂಕಣವನ್ನು ತೆರವು ಮಾಡಬೇಕೆಂದು ನಾನು ಸೂಚಿಸಿದೆ. ಒಳಗಿನ ಐದು ವಿಷಯಗಳಿಗೆ ತಲಾ ಮೂರು ಸಾಲು; ತಾರೀಖು ಇರುವ ಪ್ರಕಟಣೆ ಎಲ್ಲಕ್ಕಿಂತ ಮೇಲೆ, ತಾರೀಖು ಮುಗಿಯುವವರೆಗೆ ಸಂಚಿಕೆಯಿಂದ ಸಂಚಿಕೆಗೆ ಅಲ್ಲಿಯೇ. ಹಿರಿಯ ಸದಸ್ಯರೊಬ್ಬರು ಇದು ಪತ್ರಿಕೆಯೋ ಬಸ್ಸಿನ ವೇಳಾಪಟ್ಟಿಯೋ ಎಂದು ಕೇಳಿದರು. ಹಳೆಯ ಪ್ರಕಟಣೆಯನ್ನೇ ಎರಡನೆಯ ಸಲ ಮೊದಲ ಪುಟದಲ್ಲಿ ಹಾಕಿದರೆ ನಮ್ಮಲ್ಲಿ ಹೊಸದೇನೂ ಇಲ್ಲವೆಂದು ಓದುಗರು ತಿಳಿದಾರೆಂಬುದು ಇನ್ನೊಬ್ಬರ ಆಕ್ಷೇಪ. ಕೊನೆಗೆ ಅತಿಥಿಗಳ ಚಿತ್ರ ಬಲಗಡೆ, ಅರ್ಧ ಅಳತೆಯಲ್ಲಿ ಉಳಿಯಬೇಕೆಂಬ ಒಪ್ಪಂದವಾಯಿತು. ಮರುವರ್ಷದ ಏಪ್ರಿಲ್ ಮತ್ತು ಮೇ ಸಂಚಿಕೆಗಳೆರಡರಲ್ಲಿಯೂ ಎಡ ಅಂಕಣದ ತಲೆಯಲ್ಲಿ ರಾತ್ರಿ ಶಾಲೆಯ ಮೂರು ಸಾಲುಗಳಿದ್ದವು. ಮಡಿಚಿಟ್ಟರೂ ಕಾಣುವಂತೆ, ದಪ್ಪಕ್ಷರದಲ್ಲಿ ತಾರೀಖು, ಕೊನೆಗೆ 'ಅರ್ಜಿ ಕೊಡತಕ್ಕದ್ದು' ಎಂಬ ಕ್ರಿಯಾಪದ.