ಹನೋಯ್ ನಗರದ ಹಳದಿ ಅನ್ನ

ವಿಯೆಟ್ನಾಮಿನ ರಾಜಧಾನಿ ಹನೋಯ್ ನಗರದಲ್ಲಿ ಹೊತ್ತು ಮೂಡುವ ಮೊದಲೇ ಬೀದಿಯ ಮೂಲೆಗಳಲ್ಲಿ ಹೆಂಗಸರು ಬಿದಿರಿನ ಬುಟ್ಟಿಗಳನ್ನು ಮುಂದಿಟ್ಟುಕೊಂಡು ಕುಳಿತುಬಿಡುತ್ತಾರೆ. ಬುಟ್ಟಿಗೆ ದಪ್ಪನೆಯ ಹೊದಿಕೆ. ಅದನ್ನು ಸರಿಸಿದರೆ ಒಳಗೆ ಆವಿಯಾಡುವ ಹಳದಿ ಅನ್ನ. ಗಿರಾಕಿ ಬಂದೊಡನೆ ಒಂದು ಹಿಡಿ ಅನ್ನವನ್ನು ಬಾಳೆಯೆಲೆಯ ಮೇಲಿಟ್ಟು, ಬೇಯಿಸಿ ಮುದ್ದೆ ಕಟ್ಟಿದ ಹೆಸರುಬೇಳೆಯನ್ನು ಚಾಕುವಿನಿಂದ ಅದರ ಮೇಲೆ ತೆಳ್ಳಗೆ ಹೆರೆದು, ಹುರಿದ ಈರುಳ್ಳಿ ಉದುರಿಸಿ ಪೊಟ್ಟಣ ಕಟ್ಟಿಕೊಡುತ್ತಾರೆ. ಇದರ ಹೆಸರು 'ಸೋಯ್ ಸೆಯೊ'. 'ಸೋಯ್' ಎಂದರೆ ಆವಿಯಲ್ಲಿ ಬೇಯಿಸಿದ ಅಂಟಕ್ಕಿಯ ಅನ್ನ. 'ಸೆಯೊ' ಎಂದರೆ ಓರೆ. ಬೇಳೆಯನ್ನು ಓರೆಯಾಗಿ ಹೆರೆಯುವುದರಿಂದ ಈ ಹೆಸರು ಬಂತೆಂದು ಹೇಳುವುದುಂಟು. ನಗರದ ಅಂಚಿನ ಫೂ ಥುವಂಗ್ ಎಂಬ ಊರು ಈ ಕಸುಬಿಗೇ ಹೆಸರಾದದ್ದು. ಅಲ್ಲಿನ ಮನೆಗಳಲ್ಲಿ ಒಲೆ ಉರಿಯುವುದು ನಡುರಾತ್ರಿ ಕಳೆದ ಮೇಲೆ. ಬೆಳಕು ಹರಿಯುವಾಗ ಬುಟ್ಟಿಗಳು ನಗರ ಸೇರಿರುತ್ತವೆ.

ಅಕ್ಕಿ, ಅರಿಸಿನ, ಹೆಸರುಬೇಳೆ, ಈರುಳ್ಳಿ: ಇವುಗಳಲ್ಲಿ ನಮಗೆ ಹೊಸದು ಯಾವುದೂ ಇಲ್ಲ. ಹೆಸರುಕಾಳಂತೂ ಭಾರತದ್ದೇ ಬೆಳೆ. ಬಳ್ಳಾರಿಯ ಬಳಿಯ ಸಂಗನಕಲ್ಲಿನಂಥ ನವಶಿಲಾಯುಗದ ನೆಲೆಗಳಲ್ಲಿ ಸುಮಾರು 4,000 ವರ್ಷಗಳಷ್ಟು ಹಳೆಯ, ಸುಟ್ಟು ಕರಿಕಾದ ಹೆಸರುಕಾಳು ದೊರೆತಿದೆ. ಆ ಕಾಳು ಪೂರ್ವದೇಶಗಳಿಗೆ ಹೋಗಿ ಅಲ್ಲಿನ ಬೆಳಗಿನ ಊಟದಲ್ಲಿ ನೆಲೆಸಿತು. ಆದರೆ ಅಕ್ಕಿ ಮಾತ್ರ ನಮ್ಮದಲ್ಲ. ಈ ತಿಂಡಿಯ ಗುಟ್ಟೆಲ್ಲ ಇರುವುದು ಅದರಲ್ಲಿಯೇ.

ವಿಯೆಟ್ನಾಮಿನವರು ಅಕ್ಕಿಯನ್ನು ಎರಡು ಜಾತಿಯಾಗಿ ಎಣಿಸುತ್ತಾರೆ. ದಿನದ ಊಟಕ್ಕೆ 'ತೆ'. ಸೋಯ್ ಮಾಡಲು 'ನೆಪ್', ಅಂದರೆ ಅಂಟಕ್ಕಿ. ಅಕ್ಕಿಯ ಪಿಷ್ಟದಲ್ಲಿ ಅಮೈಲೋಸ್, ಅಮೈಲೋಪೆಕ್ಟಿನ್ ಎಂಬ ಎರಡು ಬಗೆ. ಅನ್ನ ಉದುರುದುರಾಗುವುದು ಮೊದಲನೆಯದರಿಂದ. ಅಂಟಕ್ಕಿಯಲ್ಲಿ ಅದು ಇಲ್ಲವೆಂಬಷ್ಟು ಕಡಮೆ. ಆದುದರಿಂದ ಬೆಂದ ಕಾಳುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಇದನ್ನು ನೀರಿನಲ್ಲಿ ಕುದಿಸಿದರೆ ಗಂಜಿಯಾಗುತ್ತದೆ. ನಾನು ಮೊದಲ ಸಲ ಕುಕ್ಕರಿನಲ್ಲಿ ನೀರು ಹಾಕಿಯೇ ಕೂಗಿಸಿದೆ; ಸಿಕ್ಕಿದ್ದು ಪುಸ್ತಕಕ್ಕೆ ರಟ್ಟು ಅಂಟಿಸಲು ತಕ್ಕ ಗೋಂದು. ನೆನೆದ ಕಾಳು ಬೇಯಲು ಬೇಕಾದ ನೀರಿನ ಹೆಚ್ಚಿನ ಪಾಲನ್ನು ಆಗಲೇ ಕುಡಿದಿರುತ್ತದೆ. ಉಳಿದ ಕೆಲಸ ಆವಿಯದು. ಇಷ್ಟನ್ನು ತಿಳಿದುಕೊಂಡರೆ ಅರ್ಧ ಅಡುಗೆ ಆದಂತೆಯೇ.

ಐದಾರು ಜನಕ್ಕೆ ಅಂಟಕ್ಕಿ 500 ಗ್ರಾಂ, ಸಿಪ್ಪೆ ತೆಗೆದ ಹೆಸರುಬೇಳೆ 200 ಗ್ರಾಂ, ಸಣ್ಣ ಈರುಳ್ಳಿ 150 ಗ್ರಾಂ, ಅರಿಸಿನದ ಪುಡಿ ಒಂದು ಚಮಚ, ಎಣ್ಣೆ 100 ಮಿಲಿಲೀಟರು ಮತ್ತು ಉಪ್ಪು ಸಾಕು. ಅಂಟಕ್ಕಿ ದೊಡ್ಡ ಪಟ್ಟಣಗಳ ಅಂಗಡಿಗಳಲ್ಲಿ ದೊರೆಯುತ್ತದೆ. ಅಸ್ಸಾಮಿನ ಬೋರಾ ಅಕ್ಕಿಯೂ ಇದೇ ಬಗೆಯದು. ನಮ್ಮ ಸಣ್ಣಕ್ಕಿಯಿಂದ ಈ ತಿಂಡಿ ಆಗದು.

ಹಿಂದಿನ ರಾತ್ರಿ ಅಕ್ಕಿಯನ್ನು ಮೂರು ನಾಲ್ಕು ಸಲ ತೊಳೆದು, ಅರಿಸಿನ ಕದಡಿದ ನೀರಿನಲ್ಲಿ ಆರರಿಂದ ಎಂಟು ಗಂಟೆ ನೆನೆಹಾಕಿರಿ. ಬೇಸಗೆಯಾದರೆ ತಣ್ಣನೆಯ ಸ್ಥಳದಲ್ಲಿಡಿ, ಇಲ್ಲವಾದರೆ ಹುಳಿಯುತ್ತದೆ. ಬೇಳೆಗೆ ಎರಡು ಮೂರು ಗಂಟೆ ಸಾಕು. ರಾತ್ರಿಯೇ ನೆನೆಹಾಕಿದರೂ ಬಾಧಕವಿಲ್ಲ. ಬೆಳಿಗ್ಗೆ ಅಕ್ಕಿಯ ನೀರನ್ನು ಪೂರ್ತಿ ಬಸಿದು ಅರ್ಧ ಚಮಚ ಉಪ್ಪು ಬೆರೆಸಿರಿ.

ಇಡ್ಲಿ ಪಾತ್ರೆಯಲ್ಲಿ ನೀರು ಕುದಿಯಲು ಬಿಟ್ಟು, ಗುಳಿಯ ತಟ್ಟೆಗಳ ಬದಲು ತೂತಿನ ಚಪ್ಪಟೆ ತಟ್ಟೆಯನ್ನಿಟ್ಟು ಒದ್ದೆ ಬಟ್ಟೆ ಹಾಸಿರಿ. ಹಳೆಯ ಬಟ್ಟೆಯೇ ಇರಲಿ, ಅರಿಸಿನದ ಕಲೆ ಹೋಗುವುದಿಲ್ಲ. ಅಕ್ಕಿಯನ್ನು ಒತ್ತದೆ ಸಡಿಲವಾಗಿ ಹರಡಿ, ಬೆರಳಿನಿಂದ ಅಲ್ಲಲ್ಲಿ ಕುಳಿ ಮಾಡಿದರೆ ಆವಿ ಮೇಲೇರಲು ದಾರಿಯಾಗುತ್ತದೆ. ಕುದಿಯುವ ನೀರು ಅಕ್ಕಿಯನ್ನು ಮುಟ್ಟಬಾರದು. ಇಪ್ಪತ್ತು ನಿಮಿಷದ ಮೇಲೆ ಮುಚ್ಚಳ ತೆಗೆದು, ಒಂದು ಹಿಡಿ ನೀರು ಚಿಮುಕಿಸಿ, ಅಡಿಮೇಲು ಮಾಡಿ, ಮತ್ತೆ ಹತ್ತು ಹದಿನೈದು ನಿಮಿಷ ಬೇಯಿಸಿರಿ. ಕಾಳು ಹೊಳಪಾಗಿ, ನಡುವೆ ಬಿಳಿಯ ಗಟ್ಟಿ ಉಳಿಯದಿದ್ದರೆ ಬೆಂದಿತೆಂದೇ ತಿಳಿಯಿರಿ.

ಬೇಳೆಯನ್ನೂ ಆವಿಯಲ್ಲಿಯೇ ಇಪ್ಪತ್ತು ಇಪ್ಪತ್ತೈದು ನಿಮಿಷ ಬೇಯಿಸಿ, ಬಿಸಿಯಿರುವಾಗಲೇ ಚಿಟಿಕೆ ಉಪ್ಪಿನೊಡನೆ ನುಣ್ಣಗೆ ಕುಟ್ಟಿ, ಅಂಗೈಯಲ್ಲಿ ಬಿಗಿಯಾಗಿ ಒತ್ತಿ ಉಂಡೆ ಮಾಡಿರಿ. ಆರಿ ಗಟ್ಟಿಯಾದ ಮೇಲೆ ಹೆರೆಯಲು ಬರುತ್ತದೆ. ಈರುಳ್ಳಿಯನ್ನು ತೆಳ್ಳಗೆ ಹೆಚ್ಚಿ, ನೀರಾರಿಸಿ, ನಡುವುರಿಯಲ್ಲಿ ಹುರಿದು, ತಿಳಿ ಹೊಂಬಣ್ಣ ಬರುತ್ತಲೇ ತೆಗೆಯಿರಿ. ತೆಗೆದ ಮೇಲೂ ಅದು ಕಪ್ಪೇರುತ್ತದೆ; ಇನ್ನೊಂದು ನಿಮಿಷ ಇರಲಿ ಎಂದರೆ ಕಹಿಯಾಗುತ್ತದೆ. ಹನೋಯ್ ನಗರದಲ್ಲಿ ಅನ್ನಕ್ಕೆ ಕೋಳಿಯ ಕೊಬ್ಬನ್ನು ಬೆರೆಸುವುದುಂಟು. ಸಸ್ಯಾಹಾರಿಗಳು ಈರುಳ್ಳಿ ಹುರಿದ ಎಣ್ಣೆಯನ್ನೇ ಎರಡು ಮೂರು ಚಮಚ ಬೆರೆಸಿಕೊಳ್ಳಬಹುದು. ಪರಿಮಳ ಇರುವುದೂ ಅದರಲ್ಲೇ. ಅನ್ನದ ಮೇಲೆ ಬೇಳೆ ಹೆರೆದು, ಈರುಳ್ಳಿ ಉದುರಿಸಿ, ಬಿಸಿಯಾಗಿಯೇ ಬಡಿಸಿರಿ. ಮಿಕ್ಕುದನ್ನು ದಿನವಿಡೀ ಹೊರಗಿಡದೆ ಶೀತಕದಲ್ಲಿಟ್ಟು, ಮತ್ತೆ ಆವಿಯಲ್ಲಿ ಚೆನ್ನಾಗಿ ಕಾಯಿಸಿ ತಿನ್ನತಕ್ಕದ್ದು.

ಇದು ಹೊಟ್ಟೆಯಲ್ಲಿ ಗಟ್ಟಿಯಾಗಿ ನಿಲ್ಲುವ ತಿಂಡಿ. ಕೂಲಿಗೆ ಹೋಗುವವರೂ ಶಾಲೆಯ ಮಕ್ಕಳೂ ಇದನ್ನು ಮೆಚ್ಚುವುದು ಅದಕ್ಕಾಗಿಯೇ. ಮಕ್ಕಳಿಗೆ ಮತ್ತೊಂದು ಕಾರಣವೂ ಉಂಟು. ಉತ್ತರದವರು ಬೇಳೆಕಾಳಿಗೆ 'ದೋ' ಎನ್ನುತ್ತಾರೆ, ದಕ್ಷಿಣದವರು 'ದವ್' ಎನ್ನುತ್ತಾರೆ. ಎರಡು ಮಾತಿಗೂ ಪರೀಕ್ಷೆಯಲ್ಲಿ ತೇರ್ಗಡೆಯಾಗುವುದೆಂಬ ಅರ್ಥವೂ ಇದೆ. ಪರೀಕ್ಷೆಯ ದಿನ ಬೇಳೆಯ ಸೋಯ್ ತಿಂದು ಹೊರಟರೆ ಶುಭವೆಂದು ನಂಬಿಕೆ.

ಆದರೆ ಆ ನಾಡಿನಲ್ಲಿ ಒಂದು ಹಿಡಿ ಅನ್ನದ ಬೆಲೆ ಬರಿಯ ನಂಬಿಕೆಯ ಮಾತಲ್ಲ. ನಮ್ಮ ಬಂಗಾಳದ 1943ರ ಕ್ಷಾಮದ ಬೆನ್ನಿಗೇ, 1944-45ರಲ್ಲಿ ಉತ್ತರ ವಿಯೆಟ್ನಾಮಿನಲ್ಲಿ ಘೋರ ಕ್ಷಾಮ ಬಂದಿತು. ಫ್ರೆಂಚರ ಆಡಳಿತ, ಜಪಾನೀ ಸೈನ್ಯದ ವಶ, ಬಲವಂತದ ಭತ್ತದ ವಸೂಲಿ, ಬಿರುಗಾಳಿ, ನೆರೆ; ಬಾಂಬು ಬಿದ್ದು ದಕ್ಷಿಣದ ಅಕ್ಕಿ ಬರುವ ದಾರಿಗಳೂ ಕಡಿದುಹೋದವು. ಸತ್ತವರ ಸಂಖ್ಯೆಯನ್ನು ನಾಲ್ಕು ಲಕ್ಷದಿಂದ ಇಪ್ಪತ್ತು ಲಕ್ಷದವರೆಗೆ ಅಂದಾಜು ಮಾಡುತ್ತಾರೆ. 1975ರಲ್ಲಿ ಯುದ್ಧ ಮುಗಿದ ಮೇಲೂ ಹತ್ತಾರು ವರ್ಷ ಅಕ್ಕಿ ಪಡಿತರದ ಚೀಟಿಗೇ ಸಿಕ್ಕುತ್ತಿತ್ತು. ಅನ್ನಕ್ಕೆ ಗೆಣಸು ಬೆರೆಸಿ ಹೊಟ್ಟೆ ಹೊರೆದವರು ಇಂದಿಗೂ ಇದ್ದಾರೆ. 1986ರಲ್ಲಿ ಆರ್ಥಿಕ ನೀತಿ ಬದಲಾಯಿತು. 1989ರಿಂದ ವಿಯೆಟ್ನಾಂ ಹೊರದೇಶಗಳಿಗೆ ಹೇರಳವಾಗಿ ಅಕ್ಕಿ ಕಳುಹಿಸತೊಡಗಿತು.

ಆ ದಿನಗಳನ್ನು ಕಂಡ ಅಜ್ಜಿಯರು ಎಲೆಗೆ ಅಂಟಿದ ಕೊನೆಯ ಅಗುಳನ್ನೂ ಬಿಡದೆ ತಿನ್ನುವುದರಲ್ಲಿ ಆಶ್ಚರ್ಯವಿಲ್ಲ. ನಿಮ್ಮ ಮನೆಯಲ್ಲಿ ಈ ತಿಂಡಿ ಮಾಡಿದ ದಿನ ಮಕ್ಕಳಿಗೆ ಈ ಕಥೆಯನ್ನೂ ಹೇಳಿರಿ. ತಟ್ಟೆಯಲ್ಲಿ ಒಂದಗುಳೂ ಉಳಿಯಲಾರದು.