ಸೋಂಕು, ಬಡತನ: ಎರಡು ಪದಗಳ ಸುತ್ತ

ಡಿಸೆಂಬರ್ 1 ವಿಶ್ವ ಏಡ್ಸ್ ದಿನ. 1988ರಿಂದ ಆಚರಣೆಯಲ್ಲಿರುವ ಈ ದಿನದಂದು ಕಾಲೇಜುಗಳಲ್ಲಿ ಕೆಂಪು ರಿಬ್ಬನ್ ಧರಿಸುವುದೂ ಉಪನ್ಯಾಸ ಏರ್ಪಡಿಸುವುದೂ ವಾಡಿಕೆ. ವಿದ್ಯಾನಗರದಂತಹ ಗಡಿನಾಡಿನ ವಿದ್ಯಾಕೇಂದ್ರದಲ್ಲಿ ಕನ್ನಡವನ್ನು ಐಚ್ಛಿಕವಾಗಿ ಓದುವ ವಿದ್ಯಾರ್ಥಿಗೆ ಇನ್ನೊಂದು ಹೊಣೆಯೂ ಇದೆ. ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಕೇಳಿದ ವಿಷಯವನ್ನು ಮನೆಗೆ ಹೋಗಿ ಕನ್ನಡದಲ್ಲಿ, ತುಳುವಿನಲ್ಲಿ ಹೇಳಬೇಕಾದವರು ಅವರೇ. ಹೇಳತೊಡಗಿದೊಡನೆ ಎದುರಾಗುವ ಮೊದಲ ಪದ ‘ಸೋಂಕು’.

ಹಳಗನ್ನಡದಿಂದಲೂ ಬಳಕೆಯಲ್ಲಿರುವ ಈ ಪದಕ್ಕೆ ತಾಗು, ಮುಟ್ಟು ಎಂಬುದೇ ಮೂಲಾರ್ಥ. ಕೈ ಸೋಂಕುತ್ತದೆ, ಗಾಳಿ ಸೋಂಕುತ್ತದೆ; ರೋಗ ಸೋಂಕುತ್ತದೆ ಎಂಬುದು ಅದರ ಮೇಲೆ ಬೆಳೆದ ಅರ್ಥ. ‘ಅಂಟುರೋಗ’ದ ಹಿಂದೆಯೂ ಇದೇ ಕಲ್ಪನೆಯಿದೆ. ಆದರೆ ಎಚ್.ಐ.ವಿ. ಮುಟ್ಟಿದರೆ ಅಂಟುವ ವೈರಾಣುವಲ್ಲ. ಅಸುರಕ್ಷಿತ ಲೈಂಗಿಕ ಸಂಪರ್ಕ, ಸೋಂಕುಳ್ಳ ರಕ್ತ, ಹಂಚಿಕೊಂಡ ಸೂಜಿ, ತಾಯಿಯಿಂದ ಮಗುವಿಗೆ ಗರ್ಭದಲ್ಲಿ, ಹೆರಿಗೆಯಲ್ಲಿ, ಎದೆಹಾಲಿನಲ್ಲಿ: ಇಷ್ಟೇ ಅದರ ದಾರಿಗಳು. ಒಂದೇ ಬೆಂಚಿನಲ್ಲಿ ಕುಳಿತುದರಿಂದ, ಒಂದೇ ಪಂಕ್ತಿಯಲ್ಲಿ ಉಂಡುದರಿಂದ, ಅಪ್ಪಿಕೊಂಡುದರಿಂದ ಅದು ಹರಡದು. ಪದವನ್ನು ಕೈಬಿಡಬೇಕೆಂದು ಇದರ ಅರ್ಥವಲ್ಲ. ಅದು ವೈದ್ಯಕೀಯ ಕನ್ನಡದಲ್ಲಿ ನೆಲೆನಿಂತಾಗಿದೆ. ಆದರೆ ಮೈಲಿಗೆಯ ನೆನಪು ಇನ್ನೂ ಅಳಿಯದ ಸಮಾಜದಲ್ಲಿ ‘ಸೋಂಕಿತ’ ಎಂದೊಡನೆ ಕೇಳುಗನ ಮನಸ್ಸು ಮುಟ್ಟಬಾರದವನನ್ನು ಕಲ್ಪಿಸಿಕೊಳ್ಳುವುದು ಸುಲಭ. ‘ಏಡ್ಸ್ ರೋಗಿ’ ಎಂಬ ಮಾತಂತೂ ಹಲವು ವೇಳೆ ತಪ್ಪೇ. ಎಚ್.ಐ.ವಿ. ವೈರಾಣುವಿನ ಹೆಸರು, ಅದು ದೇಹದ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸಿದ ಕೊನೆಯ ಹಂತ ಏಡ್ಸ್. ಚಿಕಿತ್ಸೆ ಪಡೆಯುತ್ತಿರುವ ಎಷ್ಟೋ ಮಂದಿ ಆ ಹಂತವನ್ನು ಎಂದೂ ಮುಟ್ಟುವುದಿಲ್ಲ.

ಭಾರತದಲ್ಲಿ ಈ ವೈರಾಣುವನ್ನು ಮೊದಲು ಪತ್ತೆಹಚ್ಚಿದವರು ಒಬ್ಬ ವಿದ್ಯಾರ್ಥಿನಿ ಎಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಮದರಾಸು ವೈದ್ಯಕೀಯ ಕಾಲೇಜಿನಲ್ಲಿ ಸೂಕ್ಷ್ಮಜೀವಿಶಾಸ್ತ್ರ ಓದುತ್ತಿದ್ದ ಎಸ್. ನಿರ್ಮಲಾ ಅವರಿಗೆ ಈ ವಿಷಯದ ಮೇಲೆ ಪ್ರಬಂಧ ಬರೆಯಲು ಸೂಚಿಸಿದವರು ಪ್ರಾಧ್ಯಾಪಕಿ ಸುನೀತಿ ಸಾಲೊಮನ್. ಏಡ್ಸ್ ಪಾಶ್ಚಾತ್ಯರ ಕಾಯಿಲೆ, ಇಲ್ಲಿ ಅದಕ್ಕೆ ಎಡೆಯಿಲ್ಲ ಎಂದು ನಂಬಿದ್ದ ಕಾಲವದು. ಸರ್ಕಾರಿ ಆಶ್ರಯಗೃಹದಲ್ಲಿ ಇರಿಸಲಾಗಿದ್ದ ಲೈಂಗಿಕ ವೃತ್ತಿಯ ಮಹಿಳೆಯರ ರಕ್ತದ ಮಾದರಿಗಳನ್ನು ಆಕೆ ಸಂಗ್ರಹಿಸಿದರು. ಬೇರೆ ಅನುಕೂಲವಿಲ್ಲದೆ ಮನೆಯ ಫ್ರಿಜ್ಜಿನಲ್ಲಿಟ್ಟರು. ಬಳಿಕ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ ಒಯ್ದರು. 1986ರಲ್ಲಿ ನಡೆದ ಆ ಪರೀಕ್ಷೆಯಲ್ಲಿ ಆರು ಮಾದರಿಗಳಲ್ಲಿ ವೈರಾಣುವಿನ ಸುಳಿವು ದೊರೆಯಿತು. ಒಂದು ಸ್ನಾತಕೋತ್ತರ ಪ್ರಬಂಧ ದೇಶದ ಆರೋಗ್ಯನೀತಿಯ ದಿಕ್ಕನ್ನು ಬದಲಿಸಿತು.

ಆ ಮಹಿಳೆಯರನ್ನು ಅಲ್ಲಿಗೆ ತಂದು ನಿಲ್ಲಿಸಿದ್ದು ಏನೆಂದು ಕೇಳಿದರೆ ಎರಡನೆಯ ಪದ ಎದುರಾಗುತ್ತದೆ. ‘ಬಡ’ ಎಂದರೆ ಹಳೆಯ ಕಾವ್ಯಗಳಲ್ಲಿ ತೆಳ್ಳಗಿನ, ಕೃಶವಾದ ಎಂದರ್ಥ. ‘ಬಡನಡು’ವಿನ ವರ್ಣನೆ ಕನ್ನಡ ವಿದ್ಯಾರ್ಥಿಗಳಿಗೆ ಪರಿಚಿತವೇ. ಬಡಕಲು, ಬಡವ, ಬಡತನ ಒಂದೇ ಬಳ್ಳಿಯವು. 1980ರ ದಶಕದಲ್ಲಿ ಉಗಾಂಡದ ಹಳ್ಳಿಗರು ಏಡ್ಸನ್ನು ಕರೆದದ್ದು ‘ಸ್ಲಿಮ್’, ಅಂದರೆ ಮೈ ಬಡವಾಗಿಸುವ ಕಾಯಿಲೆ, ಎಂದು. ಕರ್ನಾಟಕದ ಬಾಗಲಕೋಟೆ, ಬೆಳಗಾವಿ ಸೀಮೆಯಲ್ಲಿ ಎಚ್.ಐ.ವಿ. ಬೇರೂರಿದ ಕಥೆಯನ್ನು ದೇವದಾಸಿ ಪದ್ಧತಿಯನ್ನು ಬಿಟ್ಟು ಹೇಳಲಾಗದು. 1982ರ ಕಾಯ್ದೆ ಆ ಪದ್ಧತಿಯನ್ನು ನಿಷೇಧಿಸಿತು. ಮಗಳನ್ನು ದೇವರಿಗೆ ಬಿಡುವಂತೆ ಮಾಡಿದ ಹಸಿವನ್ನು ನಿಷೇಧಿಸಲು ಕಾಯ್ದೆಗೆ ಸಾಧ್ಯವಿರಲಿಲ್ಲ.

ಬಡತನ ರೋಗದ ದಾರಿಯನ್ನಷ್ಟೇ ಅಲ್ಲ, ಸಾವನ್ನೂ ನಿರ್ಧರಿಸಿತು. ಮೂರು ಔಷಧಗಳನ್ನು ಒಟ್ಟಿಗೆ ಕೊಟ್ಟರೆ ವೈರಾಣುವನ್ನು ಹತೋಟಿಯಲ್ಲಿಡಬಹುದೆಂದು 1996ರಲ್ಲೇ ತಿಳಿದಿತ್ತು. ಆದರೆ ಒಬ್ಬರಿಗೆ ವರ್ಷಕ್ಕೆ ತಗಲುತ್ತಿದ್ದ ವೆಚ್ಚ 10,000 ಡಾಲರಿಗೂ ಮೇಲೆ. ಶ್ರೀಮಂತ ದೇಶಗಳಲ್ಲಿ ಸಾವು ಇಳಿಯುತ್ತಿದ್ದಾಗ ಆಫ್ರಿಕದಲ್ಲಿ ಅದು ಏರುತ್ತಲೇ ಹೋಯಿತು. 2001ರಲ್ಲಿ ಮುಂಬಯಿಯ ಸಿಪ್ಲಾ ಸಂಸ್ಥೆಯ ಯೂಸುಫ್ ಹಮೀದ್ ಅವರು ಅದೇ ಚಿಕಿತ್ಸೆಯನ್ನು ಪರಿಹಾರ ಸಂಸ್ಥೆಗಳಿಗೆ ವರ್ಷಕ್ಕೆ 350 ಡಾಲರಿಗೆ, ಅಂದರೆ ದಿನಕ್ಕೆ ಒಂದು ಡಾಲರಿಗಿಂತ ಕಡಿಮೆಗೆ, ಒದಗಿಸುವುದಾಗಿ ಸಾರಿದರು. ಇದು ಸಾಧ್ಯವಾದದ್ದು ಭಾರತದ 1970ರ ಪೇಟೆಂಟ್ ಕಾಯ್ದೆಯಿಂದ. ಅದು ಔಷಧದ ತಯಾರಿಕಾ ವಿಧಾನಕ್ಕೆ ಮಾತ್ರ ಪೇಟೆಂಟ್ ನೀಡುತ್ತಿತ್ತು, ಔಷಧಕ್ಕಲ್ಲ. ಬೇರೆ ವಿಧಾನದಲ್ಲಿ ಅದನ್ನೇ ತಯಾರಿಸಲು ಅಡ್ಡಿಯಿರಲಿಲ್ಲ. 2004ರ ಏಪ್ರಿಲ್ 1ರಿಂದ ಕರ್ನಾಟಕವೂ ಸೇರಿದಂತೆ ಸೋಂಕು ಹೆಚ್ಚಿದ್ದ ರಾಜ್ಯಗಳಲ್ಲಿ ಸರ್ಕಾರಿ ಆಸ್ಪತ್ರೆಗಳ ಮೂಲಕ ಈ ಚಿಕಿತ್ಸೆ ಉಚಿತವಾಗಿ ದೊರೆಯತೊಡಗಿತು. ಆ ಹೊತ್ತಿಗೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 20 ಲಕ್ಷ ಜನ ಸಾಯುತ್ತಿದ್ದರು. 2023ರ ವೇಳೆಗೆ ಆ ಸಂಖ್ಯೆ 6 ಲಕ್ಷದ ಆಸುಪಾಸಿಗೆ ಇಳಿದಿತ್ತು. ಔಷಧವನ್ನು ತಪ್ಪದೆ ಸೇವಿಸಿ, ರಕ್ತದಲ್ಲಿ ವೈರಾಣು ಪತ್ತೆಯಾಗದಷ್ಟು ಕುಗ್ಗಿದವರಿಂದ ಲೈಂಗಿಕ ಸಂಪರ್ಕದ ಮೂಲಕವೂ ಅದು ಹರಡದೆಂಬುದು ಈಗ ಸಿದ್ಧಪಟ್ಟಿದೆ.

ಸಂಸತ್ತು 2017ರಲ್ಲಿ ಅಂಗೀಕರಿಸಿದ ಎಚ್.ಐ.ವಿ. ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ವಿದ್ಯಾಸಂಸ್ಥೆಯಲ್ಲಾಗಲಿ ಉದ್ಯೋಗದಲ್ಲಾಗಲಿ ಬಾಡಿಗೆಮನೆಯಲ್ಲಾಗಲಿ ಸೋಂಕಿನ ಕಾರಣಕ್ಕೆ ತಾರತಮ್ಯ ಮಾಡುವುದನ್ನು ಅದು ನಿಷೇಧಿಸುತ್ತದೆ. ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ. ಇನ್ನು ಕೇರಳದ ಸರ್ಕಾರಿ ಆಸ್ಪತ್ರೆಗಳಲ್ಲಿರುವ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಕ್ಕೆ ‘ಜ್ಯೋತಿಸ್’ ಎಂದೂ ಚಿಕಿತ್ಸಾ ಕೇಂದ್ರಕ್ಕೆ ‘ಉಷಸ್’ ಎಂದೂ ಹೆಸರು. ರೋಗದ ಸುಳಿವಿಲ್ಲದ, ಸೋಂಕಿನ ಮಾತಿಲ್ಲದ ಪದಗಳಿವು. ಆ ಬಾಗಿಲೊಳಗೆ ಹೋಗುವವರನ್ನು ನೋಡಿದವರು ಏನನ್ನೂ ಊಹಿಸದಿರಲೆಂಬ ಎಚ್ಚರ ಇಲ್ಲಿದೆ. ಆದರೆ ಬಾಗಿಲು ಹುಡುಕುವವರಿಗೂ ಹೆಸರಿನಿಂದ ಏನೂ ತಿಳಿಯದೆ ಹೋಗಬಹುದು. ಜ್ಯೋತಿಸ್ ಕೇಂದ್ರದಲ್ಲಿ ಪರೀಕ್ಷೆ ಉಚಿತ, ಫಲಿತಾಂಶ ಗೋಪ್ಯ. ಮನೆಯಿಂದಲೇ ವಿಚಾರಿಸಬಯಸುವವರಿಗೆ 1097 ಎಂಬ ಉಚಿತ ದೂರವಾಣಿ ಸಂಖ್ಯೆಯಿದೆ.